ಬಳಚಿನಕ್ಕ ನನ್ನನ್ನು ನೀರಿಗಿಳಿಸಿದ್ದು

ಅಮೃತಾ, ನಿಖಿಲ, ಬಳಚಿನಕ್ಕನ ಕೈಯನ್ನು ನೀವಿಬ್ಬರೂ ಚಿಕ್ಕಂದಿನಲ್ಲಿ ನೋಡಿದ್ದೀರಿ. ನೆನಪಿರಲಿಕ್ಕಿಲ್ಲ. ಅವಳ ಬೆರಳ ತುದಿಗಳಲ್ಲಿ ಗೆರೆಗಳೇ ಇರಲಿಲ್ಲ. ಐವತ್ತು ವರ್ಷ ಗಂಗಾವಳಿ ಹೊಳೆಯ ಮರಳು ಕೆದಕಿ ಬಳಚಿನ ಚಿಪ್ಪು ಹೆಕ್ಕಿದ ಬೆರಳುಗಳು ಅವು. ಚಿಪ್ಪಿನ ಒಳಮೈಯ ಹಾಗೆ ನುಣ್ಣಗೆ, ಕೊಂಚ ಬೂದು ಬಣ್ಣಕ್ಕೆ ತಿರುಗಿದ್ದವು. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದರೆ ಪುಸ್ತಕದಲ್ಲಿ ಒಂದು ನೀಲಿ ಮಚ್ಚೆ ಮಾತ್ರ ಮೂಡುತ್ತಿತ್ತು. ಅಂಗಡಿಯವನು ಇನ್ನೊಮ್ಮೆ ಒತ್ತು ಅನ್ನುತ್ತಿದ್ದ. "ನನ್ನ ಗೆರೆ ಬೇಕಾದ್ರೆ ಹೊಳೀಲಿ ಹೋಗಿ ಹುಡ್ಕಾ ತಮ್ಮಾ," ಅನ್ನುತ್ತಿದ್ದಳು ಅವಳು.

ಇದನ್ನು ಬರೆಯಲು ಕಾರಣ ಅಮೃತಾ, ನೀನು. ದೀಪಾವಳಿ ರಜೆಗೆ ಕಾರವಾರದಿಂದ ಬಂದಾಗ ಹೇಳಿದೆಯಲ್ಲ, ಕಾಲೇಜಿನ ಗೆಳತಿಯರ ಸಂಗಡ ಬೆಳಿಗ್ಗೆ ಕಾಳಿ ಹೊಳೆಗೆ ಇಳಿಯುತ್ತೀರಿ, ಯಾರು ಹೆಚ್ಚು ಹೊತ್ತು ತಣ್ಣೀರಲ್ಲಿ ಇರುತ್ತಾರೆ ಅಂತ ಪಂಥ ಕಟ್ಟುತ್ತೀರಿ ಅಂತ. "ಮೊದ್ಲು ಚುಚ್ತದೆ ಅಜ್ಜಿ, ಆಮೇಲೆ ಎಂತದೂ ಗೊತ್ತಾಗೂದಿಲ್ಲ, ಆರಾಮ" ಅಂದೆ. ನಾನು ಎದ್ದು ಅಡಿಗೆಮನೆಗೆ ಹೋದೆ. ನಿನಗೆ ಬೇಸರವಾಗಿರಬಹುದು. ಮಾತಾಡುವುದು ನನಗೆ ಮೊದಲಿನಿಂದಲೂ ಆಗದ ಕೆಲಸ. ತವರಿನಲ್ಲಿ, ಹಿಲ್ಲೂರಿನ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಓದಿದೆ. ಉತ್ತರ ಗೊತ್ತಿದ್ದರೂ ಎದ್ದು ನಿಲ್ಲುತ್ತಿರಲಿಲ್ಲ. ಪಾಟಿಯ ಮೇಲೆ ಬರೆದು ತೋರಿಸು ಅಂದರೆ ಬರೆದು ತೋರಿಸುತ್ತಿದ್ದೆ. ಈಗಲೂ ಹಾಗೆಯೇ ಮಾಡುತ್ತಿದ್ದೇನೆ. ತಣ್ಣೀರಿಗೆ ಇಳಿಯುವುದು ಹೇಗೆ, ಯಾವಾಗ ಏಳಬೇಕು ಅಂತ ನನಗೆ ಕಲಿಸಿದವಳು ಬಳಚಿನಕ್ಕ. ಅವಳ ಕಾಲು ಹೋಗುವುದನ್ನು ಎಲ್ಲರಿಗಿಂತ ಮೊದಲು ಕಂಡವಳು ನಾನು. ಕಂಡೂ ಬಾಯಿ ಬಿಡಲಿಲ್ಲ. ಎರಡನ್ನೂ ಬರೆಯುತ್ತೇನೆ.

ಮಂಜಗುಣಿಯಲ್ಲಿ ನಮ್ಮ ಮನೆಯ ಬಡಗು ಬದಿಯ ಮನೆ ಅವಳದು. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವಳು. ಗಂಡ ಎಂದೋ ತೀರಿದ್ದ. ಒಬ್ಬಳೇ ಮಗಳನ್ನು ಕಾರವಾರಕ್ಕೆ, ಬೈತಖೋಲದ ಕಡೆಗೆ ಕೊಟ್ಟಿದ್ದಳು. ಊರಿನ ಮಕ್ಕಳೆಲ್ಲ ಬಳಚಿನಕ್ಕ ಅಂತ ಕರೆಯುತ್ತಿದ್ದುದರಿಂದ ನಾವೂ ಹಾಗೇ ಕರೆಯುತ್ತಿದ್ದೆವು. ಕುರ್ಚಿ ಕೊಟ್ಟರೆ ಕೂರುತ್ತಿರಲಿಲ್ಲ, ಜಗಲಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂರುತ್ತಿದ್ದಳು. ಗಡಿಯಾರ ನೋಡಲು ಬರುತ್ತಿರಲಿಲ್ಲ. ಆದರೆ ಅಂಗಳದಲ್ಲಿ ನಿಂತು ಮೂಗು ಮೇಲೆ ಮಾಡಿ, ಹೊಳೆಯಲ್ಲಿ ಇಳಿತ ಶುರುವಾಯಿತು, ಇನ್ನು ಎರಡು ಸಲ ಎಲೆಯಡಿಕೆ ಹಾಕುವಷ್ಟರಲ್ಲಿ ಮರಳು ಕಾಣುತ್ತದೆ ಅನ್ನುತ್ತಿದ್ದಳು. ಹಾಗೆಯೇ ಕಾಣುತ್ತಿತ್ತು. ಸೆರಗಿನ ತುದಿಯಲ್ಲಿ ಯಾವಾಗಲೂ ಒಂದು ತುಂಡು ಬೆಲ್ಲ ಗಂಟು ಹಾಕಿಕೊಂಡಿರುತ್ತಿದ್ದಳು. ಅವಳಿಗೆ ಸಕ್ಕರೆ ಕಾಯಿಲೆ ಇದೆ ಅಂತ ನಮಗಾರಿಗೂ ಗೊತ್ತಿರಲಿಲ್ಲ. ಅವಳಿಗೂ ಗೊತ್ತಿರಲಿಲ್ಲ.

ನಿಮ್ಮ ಅಜ್ಜ ತೀರಿಕೊಂಡದ್ದು ಮಳೆಗಾಲದ ಕೊನೆಯಲ್ಲಿ. ಹುಬ್ಬಳ್ಳಿ ಬಸ್ಸಿನ ಕಂಡಕ್ಟರ್ ಡ್ಯೂಟಿಯಲ್ಲಿದ್ದರು. ಯಲ್ಲಾಪುರ ದಾಟಿದ ಮೇಲೆ ಟಿಕೆಟ್ ಪೆಟ್ಟಿಗೆಯ ಮೇಲೆ ತಲೆಯಿಟ್ಟವರು ಎತ್ತಲಿಲ್ಲವಂತೆ. ಊರಲ್ಲಿ ಆಗ ಮೊಬೈಲು ಒಂದೆರಡು ಮನೆಯಲ್ಲಿ ಮಾತ್ರ. ಅಂಗಡಿಯ ಕಾಯಿನ್ ಫೋನಿಗೆ ಸುದ್ದಿ ಬಂತು. ನಾನು ಅಳಲಿಲ್ಲ. ಗಟ್ಟಿ ಹೆಂಗಸು ಅಂದರು ಜನ. ಗಟ್ಟಿಯೇನೂ ಅಲ್ಲ, ನನಗೆ ಏನೂ ತಾಗುತ್ತಿರಲಿಲ್ಲ. ಅನ್ನ ಬಾಯಿಗಿಟ್ಟರೆ ಬಾಯಿಯಲ್ಲೇ ಇರುತ್ತಿತ್ತು. ಒಂದು ದಿನ ದೋಸೆ ಕಾವಲಿಯ ಮೇಲೆ ಬೆರಳು ಊರಿದ್ದೆ, ಸುಟ್ಟದ್ದು ನನಗೆ ವಾಸನೆಯಿಂದ ಗೊತ್ತಾಯಿತು. ನಿಮ್ಮ ಅಮ್ಮ ಡಾಕ್ಟರಿಗೆ ತೋರಿಸಿ ಗುಳಿಗೆ ಕೊಡಿಸಿದಳು. ನುಂಗಿದೆ. ನಿದ್ದೆ ಬಂತು, ಬೇರೇನೂ ಬರಲಿಲ್ಲ.

ಮೂರು ತಿಂಗಳ ಮೇಲೆ, ಚಳಿಗಾಲದ ಒಂದು ಸಂಜೆ ಬಳಚಿನಕ್ಕ ಬಂದು ಜಗಲಿಯಲ್ಲಿ ಕುಕ್ಕರಿಸಿದಳು. ನನ್ನ ಸುಟ್ಟ ಬೆರಳನ್ನು ತಿರುಗಿಸಿ ನೋಡಿದಳು. ಸಮಾಧಾನದ ಮಾತು ಒಂದೂ ಆಡಲಿಲ್ಲ.

"ನಾಳೆ ಇಳಿತ ಚಲೋ ಇದೆ. ನನ್ನ ಸಂಗ್ತಿಗೆ ಬಾ."

ನನಗೆ ನೀರಿಗೆ ಇಳಿಯಲು ಬರುವುದಿಲ್ಲ ಅಂದೆ. ಹಿಲ್ಲೂರಿನ ಕಾಡಿನ ಬದಿಯವಳು ನಾನು, ಮೊಣಕಾಲು ಮುಳುಗುವ ಹಳ್ಳ ಬಿಟ್ಟರೆ ಬೇರೆ ನೀರು ಕಂಡವಳಲ್ಲ. ಮದುವೆಯಾಗಿ ಅಷ್ಟು ವರ್ಷ ಹೊಳೆಯ ಬದಿಯಲ್ಲಿದ್ದರೂ ದೋಣಿ ಹತ್ತುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ.

"ಇಳಿಯೂಕೆ ಎಂತಾ ಬರ್ಬೇಕೆ? ಯಾವಾಗ ಏಳೂದು ಅಂತ ಗೊತ್ತಿದ್ರೆ ಸಾಕು. ಅದ್ ನಾ ಹೇಳ್ಕೊಡ್ತೆ," ಅಂದಳು.

ಮಾರನೆಯ ದಿನ ಬೆಳಕು ಹರಿಯುವ ಮೊದಲು ಬಂದು ಬಾಗಿಲು ತಟ್ಟಿದಳು. ಖಾಲಿ ಹೊಟ್ಟೆಯಲ್ಲಿ ನೀರಿಗೆ ಹೋಗಬಾರದು ಅಂತ ತಾನೇ ತಂದ ಗಂಜಿಯನ್ನು ಎದುರು ನಿಂತು ಕುಡಿಸಿದಳು. ಕೊಬ್ಬರಿ ಎಣ್ಣೆ ಹಚ್ಚಿಕೋ ಅಂದಳು. ಎದೆಗೆ, ಬೆನ್ನಿಗೆ, ಕಂಕುಳಿಗೆ, ಕಿವಿಯ ಹಿಂದೆ. ಎಣ್ಣೆ ಚಳಿಯನ್ನು ತಡೆಯುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಹಚ್ಚಿಕೊಳ್ಳುವಾಗ ಮೈ ಎಲ್ಲೆಲ್ಲಿ ಇದೆ ಅಂತ ನೆನಪಾಗುತ್ತದೆ, ಅಷ್ಟು ನಿಜ. ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ಹಾಕುವುದು ಬಳಚು ಹೆಕ್ಕುವ ಹೆಂಗಸರ ರೂಢಿ. ನಮ್ಮ ಮನೆಯಲ್ಲಿದ್ದದ್ದು ನಿಮ್ಮ ಅಜ್ಜನ ಖಾಕಿ ಅಂಗಿ. ಅದನ್ನೇ ಹಾಕಿಕೊಂಡೆ. ಒಂದು ಒಣ ಸೀರೆ, ಒಂದು ಒಣ ಪಂಚೆ ಗಂಟು ಕಟ್ಟಿಸಿ, ದಡದ ಮೇಲೆ ಗಾಳಿ ತಾಗದ ಕಡೆ ಇಡಿಸಿದಳು. ಮೊದಲು ಮೇಲೆ ಬರುವ ತಯಾರಿ, ಆಮೇಲೆ ಕೆಳಗೆ ಇಳಿಯುವ ತಯಾರಿ ಅನ್ನುತ್ತಿದ್ದಳು.

ದಡದಲ್ಲಿ ಆಗಲೇ ನಾಲ್ಕು ಹೆಂಗಸರು ಬುಟ್ಟಿ ಹಿಡಿದು ನಿಂತಿದ್ದರು. ಅವರಲ್ಲಿ ದೋಣಿಯವನ ಹೆಂಡತಿಯ ನಾಲಗೆ ಚೂಪು. ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಕಂಡಕ್ಟರು ಬಂದರು, ಎಲ್ಲರೂ ಟಿಕೆಟ್ ತೆಗೆಯಿರಿ ಅಂದಳು. ಎಲ್ಲರೂ ನಕ್ಕರು. ಆಮೇಲೆ ನಗಬಾರದಿತ್ತು ಅನ್ನಿಸಿತೋ ಏನೋ, ಸುಮ್ಮನಾದರು. ನನಗೆ ನಗುವೂ ತಾಗಲಿಲ್ಲ, ಸುಮ್ಮನಾದದ್ದೂ ತಾಗಲಿಲ್ಲ.

ಇಳಿಯುವ ಮೊದಲು ಬಳಚಿನಕ್ಕ ಒಂದು ನೇಮ ಹೇಳಿದಳು. ನೀರಲ್ಲಿದ್ದಾಗ 'ಚಳಿ' ಅನ್ನುವ ಶಬ್ದ ಆಡಬಾರದು. ಕಾಲು ಕೊಯ್ದರೆ, ಏನಾದರೂ ಕಚ್ಚಿದರೆ ಸುಮ್ಮನೆ ಎದ್ದು ದಡಕ್ಕೆ ಹೋಗಬೇಕು, ಹೆಸರು ಎತ್ತಬಾರದು. ಒಬ್ಬಳು ಅಂದರೆ ಎಲ್ಲರ ಎದೆಯೂ ನಡುಗುತ್ತದೆ, ಕೆಲಸ ಅಲ್ಲಿಗೇ ನಿಲ್ಲುತ್ತದೆ. ಬಾಯಿ ತಪ್ಪಿ ಅಂದವಳು ಆ ದಿನ ಎಲ್ಲರ ಬುಟ್ಟಿ ಹೊತ್ತು ದಿಣ್ಣೆ ಹತ್ತಬೇಕು. ದಡಕ್ಕೆ ಬಂದ ಮೇಲೆ ಬೇಕಾದಷ್ಟು ನರಳಬಹುದು. ನನಗಂತೂ ಇದು ಕಷ್ಟದ ನೇಮವಾಗಿರಲಿಲ್ಲ. ನಾನು ಬಾಯಿ ಮುಚ್ಚಿಕೊಂಡೇ ಬೆಳೆದವಳು.

ಡಿಸೆಂಬರಿನಲ್ಲಿ ಬೆಳಿಗ್ಗೆ ಘಟ್ಟದ ಗಾಳಿ ಹೊಳೆಗುಂಟ ಇಳಿದು ಬರುತ್ತದೆ. ನೀರು ಪಾದಕ್ಕೆ ತಾಗಿದ ಕೂಡಲೇ ಓಡಿ ಹೋಗಬೇಕು ಅನ್ನಿಸಿತು. ಬಳಚಿನಕ್ಕ ಓಡಲೂ ಬಿಡಲಿಲ್ಲ, ಒಮ್ಮೆಗೇ ಮುಳುಗಲೂ ಬಿಡಲಿಲ್ಲ. ಮೊಣಕಾಲ ನೀರಲ್ಲಿ ನಿಲ್ಲಿಸಿ ಮಣಿಕಟ್ಟಿಗೆ ನೀರು ಹಾಕಿದಳು, ಕುತ್ತಿಗೆಯ ಹಿಂದೆ ಹಾಕಿದಳು, ಮುಖಕ್ಕೆ ಹಾಕಿದಳು. ಆಮೇಲೆ ಸೊಂಟದವರೆಗೆ, ಆಮೇಲೆ ಎದೆಯವರೆಗೆ. ಅಲ್ಲಿ ನನ್ನ ಉಸಿರು ಸಿಕ್ಕಿಕೊಂಡಿತು. ಒಳಗೆ ಎಳೆದುಕೊಂಡೇ ಇದ್ದೆ, ಹೊರಗೆ ಹೋಗುತ್ತಿರಲಿಲ್ಲ. ಅವಳು ನನ್ನ ಎರಡೂ ತೋಳು ಹಿಡಿದು ಮುಖಕ್ಕೆ ಮುಖ ಕೊಟ್ಟು ನಿಂತಳು.

"ಒಲೆ ಊದ್ತ್ಯಲೆ, ಹಂಗೆ ಊದು. ಹೊರಗ್ ಬಿಡು. ಒಳಗ್ ಅದೇ ಬತ್ತದೆ."

ಊದಿದೆ. ಹಸಿ ಕಟ್ಟಿಗೆಯ ಒಲೆ ಊದುವ ಹಾಗೆ, ನಿಧಾನ, ಉದ್ದಕ್ಕೆ. ಐವತ್ತು ಎಣಿಸುವಷ್ಟರಲ್ಲಿ ಉಸಿರು ಹದಕ್ಕೆ ಬಂತು. ಅಲ್ಲಿಯವರೆಗೆ ಒಂದು ಹೆಜ್ಜೆಯನ್ನೂ ಇಡಬಾರದು ಅಮೃತಾ, ಇದನ್ನು ನೆನಪಿಟ್ಟುಕೋ. ಈಜು ಬರುವವರೂ ಮುಳುಗುವುದು ಆ ಮೊದಲ ನಿಮಿಷದಲ್ಲೇ ಅನ್ನುತ್ತಿದ್ದಳು. ಆಮೇಲೆ ಮೈಯೆಲ್ಲ ಸೂಜಿ ಚುಚ್ಚಿದ ಹಾಗಾಯಿತು. ಮೂರು ತಿಂಗಳಲ್ಲಿ ನನಗೆ ತಾಗಿದ ಮೊದಲ ಸಂಗತಿ ಅದು.

ಆ ದಿನ ನಾನೊಂದು ತಪ್ಪು ಮಾಡಿದೆ. ಮೇಲೆ ಬಂದವಳು ಬಚ್ಚಲಿಗೆ ಓಡಿ, ಹಂಡೆಯ ಬಿಸಿಬಿಸಿ ನೀರನ್ನು ತಲೆಯ ಮೇಲೆ ಸುರಿದುಕೊಂಡೆ. ಕಣ್ಣು ಕತ್ತಲೆ ಬಂದು ಬಚ್ಚಲಕಟ್ಟೆಗೆ ಒರಗಿ ಬಿದ್ದೆ. ಬಳಚಿನಕ್ಕ ಬಂದು ಎತ್ತಿ ಕೂರಿಸಿ ಬೈದಳು. ಬೆಂಕಿಯೂ ಬೇಡ, ಬಿಸಿನೀರೂ ಬೇಡ. ಮೊದಲು ತಲೆ ಒರೆಸು, ಒದ್ದೆ ಬಿಚ್ಚಿ ಒಣದು ಸುತ್ತಿಕೋ, ದಡದ ಮೇಲೆ ಅತ್ತಿತ್ತ ನಡೆ, ಬೆಚ್ಚಗಿನ ಗಂಜಿತಿಳಿಯನ್ನು ಗುಟುಕು ಗುಟುಕಾಗಿ ಕುಡಿ. ನಿಜವಾದ ನಡುಕ ಬರುವುದು ನೀರಿನಿಂದ ಎದ್ದ ಮೇಲೆ, ಅದು ಬಂದು ಹೋಗಲಿ, ತಡೆಯಬೇಡ. ಇಷ್ಟೆಲ್ಲ ಹೇಳಿ ಸೆರಗಿನ ಬೆಲ್ಲದ ಗಂಟು ಬಿಚ್ಚಿ ಅರ್ಧ ನನ್ನ ಬಾಯಿಗೆ ಹಾಕಿದಳು, ಅರ್ಧ ತಾನು ತಿಂದಳು.

ದಿನಾ ಹೋಗತೊಡಗಿದೆ. ಎರಡನೆಯ ವಾರಕ್ಕೆ ಹಸಿವಾಯಿತು. ಮೂರನೆಯ ವಾರ ದೋಣಿಯವನ ಹೆಂಡತಿಯ ಮಾತಿಗೆ ಸ್ವಲ್ಪ ನಗು ಬಂತು. ಇಷ್ಟೇ ಆಗಿದ್ದು. ದುಃಖ ಹೋಯಿತು, ಬದುಕು ಬಂತು ಅಂತೆಲ್ಲ ಬರೆದರೆ ಸುಳ್ಳಾಗುತ್ತದೆ. ಬೆಳಗಿನ ಹೊತ್ತು ಮೈ ಇದೆ ಅಂತ ಗೊತ್ತಾಗುತ್ತಿತ್ತು, ಸಂಜೆಗೆ ಮತ್ತೆ ಮರೆಯುತ್ತಿತ್ತು.

ನೀರಲ್ಲಿ ನಾನು ಯಾವಾಗಲೂ ಅವಳ ಎಡಕ್ಕೆ ನಿಲ್ಲುತ್ತಿದ್ದೆ. ಕಾಲ ಬೆರಳಿನಿಂದ ಮರಳು ಕೆದಕಿ, ಬಳಚು ತಾಗಿದ ಕಡೆ ಬಗ್ಗಿ ಕೈ ಹಾಕುವುದು. ಆಗಾಗ ಅವಳು ಹೆಬ್ಬೆರಳನ್ನು ಕಿರುಬೆರಳಿಗೆ ಮುಟ್ಟಿಸಿ ತೋರಿಸು ಅನ್ನುತ್ತಿದ್ದಳು. ಮುಟ್ಟದಿದ್ದರೆ ಆ ದಿನದ ಕೆಲಸ ಮುಗಿಯಿತು, ಬುಟ್ಟಿ ಅರ್ಧವಿದ್ದರೂ ಏಳಬೇಕು. ಒಂದು ಬೆಳಿಗ್ಗೆ ನಾನು ತುಂಬ ಹೊತ್ತು ನಿಂತುಬಿಟ್ಟೆ. ಸೂಜಿ ಚುಚ್ಚುವುದು ನಿಂತಿತ್ತು. ಕೈಕಾಲು ನನ್ನವಲ್ಲ ಅನ್ನುವ ಹಾಗಿತ್ತು. ನೀನು ಹೇಳಿದೆಯಲ್ಲ, ಆರಾಮ ಅಂತ, ಅದೇ. ಅಲ್ಲಿಯೇ ಇದ್ದುಬಿಡಬಹುದು ಅನ್ನಿಸಿತು. ಎಷ್ಟೋ ದಿನದಿಂದ ಹುಡುಕುತ್ತಿದ್ದ ಜಾಗ ಸಿಕ್ಕಿದ ಹಾಗೆ. ಬಳಚಿನಕ್ಕ ನನ್ನ ಮುಖ ನೋಡಿದವಳೇ ಖಾಕಿ ಅಂಗಿಯ ಕಾಲರಿಗೆ ಕೈ ಹಾಕಿದಳು.

"ಆರಾಮ ಆಯ್ತಾ?"

ಹೌದು ಅಂತ ತಲೆಯಾಡಿಸಿದೆ.

"ಹಂಗಾರೆ ಏಳು. ಚುಚ್ಚೂ ತನಕ ಹೊಳೆ ನಮ್ಮನ್ ಮಾತಾಡಸ್ತಾ ಇರ್ತದೆ. ಚುಚ್ಚೂದು ಬಿಡ್ತು ಅಂದ್ರೆ ಎಳ್ಕಂಡೇ ಹೋಗೂದು."

ದಡದವರೆಗೆ ಕಾಲರು ಬಿಡಲಿಲ್ಲ. ಅಂದು ನಾನಾಗಿಯೇ ಎದ್ದು ಬರುತ್ತಿದ್ದೆನೋ ಇಲ್ಲವೋ, ಈಗಲೂ ಗೊತ್ತಿಲ್ಲ. ಈ ಕಾಗದ ಬರೆಯಲು ನಾನು ಇದ್ದೇನೆ ಅಂದರೆ ಅದು ಅವಳಿಂದ.

ಹೀಗೆ ಎರಡು ಚಳಿಗಾಲ ಕಳೆಯಿತು. ಮೂರನೆಯ ಚಳಿಗಾಲ ಶುರುವಾದಾಗ ಬಳಚಿನಕ್ಕ ಮೊದಲ ದಿನವೇ ಎದೆಮಟ್ಟ ಇಳಿದು, ಈ ವರ್ಷ ಹೊಳೆ ಬೆಚ್ಚಗಿದೆ ನೋಡಿ ಅಂದಳು. ನಮ್ಮ ಹಲ್ಲು ಕಟಕಟ ಅನ್ನುತ್ತಿದ್ದವು. ಮುದುಕಿಗೆ ಮತ್ತೆ ಪ್ರಾಯ ಬಂತು ಅಂತ ದೋಣಿಯವನ ಹೆಂಡತಿ ಅಂದಳು, ಎಲ್ಲರೂ ನಕ್ಕೆವು. ಆಗಿನಿಂದ ಎಲ್ಲರನ್ನೂ ಎಬ್ಬಿಸಿ ಕಳಿಸುವ ಅವಳೇ ಎಲ್ಲರಿಗಿಂತ ಕೊನೆಗೆ ಏಳತೊಡಗಿದಳು. ಒಂದು ದಿನ ದಿಣ್ಣೆ ಹತ್ತಿ ಮನೆಯವರೆಗೆ ಒಂದೇ ಚಪ್ಪಲಿಯಲ್ಲಿ ನಡೆದು ಬಂದಳು. ಇನ್ನೊಂದು ಕೆಸರಲ್ಲೇ ಉಳಿದಿತ್ತು. ಅದು ಕಳಚಿದ್ದು ಅವಳಿಗೆ ತಿಳಿದಿರಲಿಲ್ಲ. ಅದಕ್ಕೂ ನಕ್ಕೆವು. ಅವಳೂ ನಕ್ಕಳು. ಚುಚ್ಚುವುದು ನಿಂತರೆ ಏಳಬೇಕು ಅಂತ ಕಲಿಸಿದವಳಿಗೆ, ನೀರಿಗೆ ಇಳಿಯುವ ಮೊದಲೇ ಕಾಲು ಚುಚ್ಚುವುದನ್ನು ಬಿಟ್ಟಿತ್ತು. ಇದನ್ನು ನಾವು ಯಾರೂ ಲೆಕ್ಕಕ್ಕೆ ತಗೊಳ್ಳಲಿಲ್ಲ.

ಆಮೇಲೆ ಒಂದು ಬೆಳಿಗ್ಗೆ. ಇಳಿತ ಜೋರಿತ್ತು, ನೀರು ಮೊಣಕಾಲಿಗೆ ಇಳಿದಿತ್ತು, ಬಿಸಿಲು ಬಿದ್ದು ತಳ ಕಾಣುತ್ತಿತ್ತು. ಅವಳು ಎಡಗಾಲು ಎತ್ತಿ ಮರಳು ಕೊಡವಿದಳು. ಹೆಬ್ಬೆರಳ ಬುಡದಲ್ಲಿ ಅಂಗಾಲು ಸೀಳಿತ್ತು. ಸೀಳಿನೊಳಗೆ ಒಡೆದ ಚಿಪ್ಪಿನ ಚೂರು ನಿಂತಿತ್ತು. ರಕ್ತ ಇರಲಿಲ್ಲ. ಸೀಳಿನ ಎರಡು ಬದಿಯೂ ಬೆಳ್ಳಗೆ, ನೆನೆದ ಕಾಗದದ ಹಾಗೆ. ಅದು ಅಂದಿನ ಗಾಯವಲ್ಲ. ಅವಳು ಅದೇ ಕಾಲನ್ನು ಮತ್ತೆ ಊರಿ, ಮರಳು ಕೆದಕತೊಡಗಿದಳು.

ನೀರಲ್ಲಿ ಹೇಳಬಾರದು. ದಡಕ್ಕೆ ಹೋಗಿ ಹೇಳೋಣ ಅಂದುಕೊಂಡೆ. ದಡದಲ್ಲಿ ಎಲ್ಲರೂ ಇದ್ದರು. ಎಲ್ಲರೆದುರು ಅವಳ ಕಾಲು ಹಿಡಿದು ನೋಡುವುದು ನನ್ನಿಂದಾಗಲಿಲ್ಲ. ಮನೆಗೆ ಹೋಗಿ ಹೇಳೋಣ ಅಂದುಕೊಂಡೆ. ಮನೆಗೆ ಹೋದಾಗ ಅವಳು ಒಂದು ಬಟ್ಟಲು ಬಳಚು ಬಿಡಿಸಿ ತಂದು ಕೊಟ್ಟು, ಸುಕ್ಕಾ ಮಾಡು, ಕಾಯಿ ಕಡಿಮೆ ಮಾಡಬೇಡ ಅಂದು ಹೊರಟುಹೋದಳು. ಮಾರನೆಯ ದಿನ ಅವಳು ಆರಾಮಾಗಿ ನಡೆಯುತ್ತಿದ್ದಳು. ನೋವಿದ್ದರೆ ಹೀಗೆ ನಡೆಯುತ್ತಾಳೆಯೇ ಅಂದುಕೊಂಡೆ. ಅದರ ಮರುದಿನ ಹೇಳಿದರೆ, ಕಂಡ ದಿನ ಯಾಕೆ ಹೇಳಲಿಲ್ಲ ಅನ್ನುತ್ತಾಳೆ ಅಂದುಕೊಂಡೆ. ಹೀಗೆ ಹನ್ನೊಂದು ದಿನ.

ಹನ್ನೆರಡನೆಯ ದಿನ ಅವಳು ನೀರಿಗೆ ಬರಲಿಲ್ಲ. ಹೋಗಿ ನೋಡಿದರೆ ಚಾಪೆಯ ಮೇಲೆ ಜ್ವರದಲ್ಲಿ ಬಿದ್ದಿದ್ದಳು. ಮನೆಯೆಲ್ಲ ವಾಸನೆ. ಕಾಲು ಕಣಕಾಲವರೆಗೆ ಕಪ್ಪಗಾಗಿತ್ತು. ಅಂಗಡಿಗೆ ಓಡಿ ಅವಳ ಮಗಳಿಗೆ ಫೋನು ಮಾಡಿಸಿದೆ. ಅವಳು ಟೆಂಪೊ ತಂದು ಕಾರವಾರದ ಆಸ್ಪತ್ರೆಗೆ ಕರೆದೊಯ್ದಳು. ಸಕ್ಕರೆ ಮಿತಿಮೀರಿದೆ, ಎಷ್ಟೋ ವರ್ಷದ್ದು, ಅದಕ್ಕೇ ಕಾಲಿಗೆ ಏನೂ ತಿಳಿಯುತ್ತಿರಲಿಲ್ಲ ಅಂದರಂತೆ. ಮೊಣಕಾಲ ಕೆಳಗೆ ತೆಗೆದರು.

ನಾನು ಮೂರನೆಯ ದಿನ ಬಸ್ಸಿನಲ್ಲಿ ಹೋದೆ. ಹೊದಿಕೆಯ ಕೆಳಗೆ ಎಡಗಾಲು ಬೇಗ ಮುಗಿದಿತ್ತು. ಮಗಳು ಗಂಜಿ ಕಲಸುತ್ತ, ಒಂದು ವಾರ ಮೊದಲು ತಂದಿದ್ದರೆ ಬೆರಳು ಮಾತ್ರ ಹೋಗುತ್ತಿತ್ತು ಅಂತ ಡಾಕ್ಟರು ಹೇಳಿದ್ದನ್ನು ಹೇಳಿದಳು. ಅಷ್ಟು ಹೆಂಗಸರ ಸಂಗಡ ದಿನಾ ನೀರಿಗೆ ಇಳಿಯುತ್ತಿದ್ದಳಲ್ಲ, ಒಬ್ಬರಿಗೂ ಕಾಣಲಿಲ್ಲವೇ ಅಂದಳು. ಅವಳು ನನ್ನನ್ನು ಕೇಳಿದ್ದಲ್ಲ, ಸುಮ್ಮನೆ ಅಂದದ್ದು. ಹಾಗಂದು ಪಾತ್ರೆ ತೊಳೆಯಲು ಹೊರಗೆ ಹೋದಳು. ಆಗ ಬಳಚಿನಕ್ಕ ಕಣ್ಣು ತೆರೆದು ನನ್ನ ಕೈ ಹಿಡಿದುಕೊಂಡಳು.

"ನೀ ನನ್ ಎಡಕ್ಕೇ ನಿಂತ್ಕಂತಿದ್ದೆ. ನಿಂಗಾರೂ ಕಂಡಿತ್ತೇನೆ?"

ಇಲ್ಲ ಅಂತ ತಲೆಯಾಡಿಸಿದೆ.

"ಅಲ್ದಾ ಮತ್ತೆ. ಕಂಡಿದ್ರೆ ನೀ ಹೇಳ್ತಿದ್ದೆ," ಅಂದಳು.

ಅವಳನ್ನು ಮಂಜಗುಣಿಗೆ ಕರೆತಂದ ಮೇಲೆ ಎರಡು ತಿಂಗಳು ನಾನೇ ನೋಡಿಕೊಂಡೆ. ಗಂಜಿ ಕುಡಿಸಿದೆ, ಬೆನ್ನಿಗೆ ಎಣ್ಣೆ ಹಚ್ಚಿದೆ. ಅವಳು ಗೋಡೆಗೆ ಒರಗಿ ಇಳಿತ, ಭರತಿ ಹೇಳುತ್ತಿದ್ದಳು, ತಪ್ಪುತ್ತಿರಲಿಲ್ಲ. ದಿನಾ ಹೇಳಬೇಕು ಅಂದುಕೊಂಡೇ ಬಾಗಿಲು ದಾಟುತ್ತಿದ್ದೆ. ಅವಳು ಏನಾದರೂ ತಮಾಷೆ ಮಾಡುತ್ತಿದ್ದಳು, ಹೊತ್ತು ಹೋಗುತ್ತಿತ್ತು. ಮಳೆ ಬೀಳುವ ಮೊದಲು, ಒಂದು ಮಧ್ಯಾಹ್ನ, ಗಂಜಿ ಒಂದು ತುತ್ತು ನುಂಗಿ ಎರಡನೆಯದಕ್ಕೆ ಬಾಯಿ ತೆರೆಯಲಿಲ್ಲ. ಚಮಚ ಹಿಡಿದು ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ. ಆಗಲೂ ನನಗೆ ಅಳು ಬರಲಿಲ್ಲ.

ಮುಂದಿನ ಚಳಿಗಾಲ ನಾನು ನೀರಿಗೆ ಇಳಿದೆ. ಈಗಲೂ ಇಳಿಯುತ್ತೇನೆ. ಎದ್ದು ಬಂದ ಮೇಲೆ ಒಬ್ಬೊಬ್ಬರ ಅಂಗಾಲು ತಿರುಗಿಸಿ ನೋಡುತ್ತೇನೆ, ಕಂಡದ್ದನ್ನು ಅಲ್ಲೇ ಹೇಳುತ್ತೇನೆ. ಮೊದಮೊದಲು ಹೆಂಗಸರು ಕಾಲು ಎಳೆದುಕೊಳ್ಳುತ್ತಿದ್ದರು, ಈಗ ತಾವೇ ಚಾಚುತ್ತಾರೆ. ದೋಣಿಯವನ ಹೆಂಡತಿ ನನಗೆ ಇನ್ನೂ ಕಂಡಕ್ಟರು ಅನ್ನುತ್ತಾಳೆ, ಕಾಲು ಚಾಚುವಾಗ ಟಿಕೆಟ್ ತಗಾ ಅನ್ನುತ್ತಾಳೆ. ನೀವು ರಜೆಗೆ ಬಂದಾಗ ನಿಮ್ಮ ಪಾದ ನೋಡುವುದೂ ಅದಕ್ಕೇ. ಅಜ್ಜಿಗೆ ಹುಚ್ಚು ಅಂತ ನಗುತ್ತೀರಿ. ನಗಿ, ಕಾಲು ಮಾತ್ರ ಎಳೆದುಕೊಳ್ಳಬೇಡಿ. ಅಮೃತಾ, ಹೊಳೆಗೆ ಹೋಗು, ಬೇಡ ಅನ್ನುವುದಿಲ್ಲ. ಪಂಥ ಕಟ್ಟಬೇಡ. ಆರಾಮ ಅನ್ನಿಸಿದ ಕೂಡಲೇ ಎದ್ದು ಬಾ. ನಿನ್ನ ಗೆಳತಿಯ ತುಟಿ ನೀಲಿಯಾದದ್ದು ಕಂಡರೆ ನೀರಲ್ಲೇ ನಿಂತು, ಎಲ್ಲರಿಗೂ ಕೇಳುವ ಹಾಗೆ ಹೇಳು. ನಮ್ಮ ನೇಮವನ್ನು ನೀನು ಕಲಿಯಬೇಡ.

ಬಳಚಿನಕ್ಕನ ಮಗಳನ್ನು ನೀವು ಬಲ್ಲಿರಿ, ಬೈತಖೋಲದ ಅತ್ತೆ ಅನ್ನುತ್ತೀರಿ. ಪ್ರತಿ ವರ್ಷ ಚೌತಿಗೆ ಮೊದಲು ನನಗೊಂದು ಸೀರೆ ತರುತ್ತಾಳೆ. ಬಂದಾಗಲೆಲ್ಲ, ನನ್ನ ಆಯಿಗೆ ಕೊನೆಯ ತುತ್ತು ಕೊಟ್ಟವರು ನೀವು ಅಂತ ನನ್ನ ಕಾಲಿಗೆ ಬಗ್ಗುತ್ತಾಳೆ. ನಾನು ಕಾಲು ಹಿಂದಕ್ಕೆ ಎಳೆದುಕೊಂಡು ಚಹಾ ಮಾಡಲು ಹೋಗುತ್ತೇನೆ. ಬರುವ ಚೌತಿಗೆ ಈ ಬರೆದದ್ದನ್ನು ಅವಳ ಕೈಗೆ ಕೊಡಬೇಕು ಅಂತ ಇದೆ. ಎದುರು ಕೂತು ಅವಳು ಓದಿ ಮುಗಿಸುವವರೆಗೆ ಏಳಬಾರದು ಅಂತಲೂ ಇದೆ. ನನ್ನ ಸ್ವಭಾವ ನಿಮಗೆ ಗೊತ್ತು. ಆಗದೇ ಹೋದರೆ, ನಾನು ಇಲ್ಲದ ಮೇಲೆ, ನೀವಿಬ್ಬರೂ ಒಟ್ಟಿಗೆ ಬೈತಖೋಲಕ್ಕೆ ಹೋಗಿ ಕೊಡಿ. ಅವಳು ಬೈದರೆ ನನ್ನ ಬದಲಿಗೆ ನಿಂತು ಕೇಳಿ. ಅಲ್ಲಿಯವರೆಗೆ ಈ ಹಾಳೆಗಳನ್ನು ಜೋಪಾನ ಮಾಡಿ. ಒಂದನ್ನೂ ಕಳೆಯಬೇಡಿ, ಇಲ್ಲ ಅಂತ ತಲೆಯಾಡಿಸಿದೆ ಎಂದು ಬರೆದ ಹಾಳೆಯನ್ನಂತೂ ಕಳೆಯಲೇಬೇಡಿ.